ಗಂಗಿಯ ಕಡೇ ಬಳೆ

ನನ್ನ ಮೈದುನ ಹದಿನಾರಾಣೆ ಹುಚ್ಚನೇನಲ್ಲ. ಹದಿನೈದಾಣೆ ಎಂದರೆ ನಾನು ತಕರಾರು ಮಾಡುವುದಿಲ್ಲ. ಉಳಿದ ಒಂದಾಣೆಯಲ್ಲಿ ಅವನು ಅಥಣಿಯ ಕಾಲೇಜೊಂದರಲ್ಲಿ ಫಿಜಿಕ್ಸ್ ಕಲಿಸುತ್ತಿದ್ದ, ತಿಂಗಳಿಗೊಮ್ಮೆ ಸಂಬಳ ತರುತ್ತಿದ್ದ, ಚಪ್ಪಲಿಯನ್ನು ಬಹುತೇಕ ದಿನ ಎಡಗಾಲಿನದು ಎಡಕ್ಕೆ, ಬಲಗಾಲಿನದು ಬಲಕ್ಕೇ ಮೆಟ್ಟುತ್ತಿದ್ದ. ಇಷ್ಟು ಮಾಡುವವನನ್ನು ಪೂರ್ತಿ ಹುಚ್ಚ ಎನ್ನಲು ಬರುತ್ತದೆಯೇ? ಹೆಸರು ಮಾತ್ರ ಹೇಳುವುದಿಲ್ಲ. ಈಗ ಅವನಿಗೆ ಹೆಂಡತಿ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ಅವರೆದುರಿಗೆ ಇರುವ ಅಷ್ಟಿಷ್ಟು ಮರ್ಯಾದೆ ಉಳಿದುಕೊಳ್ಳಲಿ.

ಎಂಬತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದಾಗ ಅವನಿನ್ನೂ ಹೈಸ್ಕೂಲು. ಅಥಣಿ ತಾಲೂಕಿನ ಅನಂತಪುರದ ಹತ್ತಿರ ನಮ್ಮ ತೋಟ. ಒಂದು ಬದಿಗೆ ದ್ರಾಕ್ಷಿ, ಒಂದು ಬದಿಗೆ ಕಬ್ಬು, ನಡುವೆ ಮನೆ. ಮನೆಯಲ್ಲಿ ನನ್ನ ಗಂಡ, ನನ್ನ ಅತ್ತೆ, ಈ ಮೈದುನ. ಮಾವನವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹೊಸ ಸೊಸೆ ಎಂದು ನಾನು ತಲೆ ತುಂಬ ಸೆರಗು ಹೊದ್ದು ಬೀಸುವ ಕಲ್ಲಿನ ಮುಂದೆ ಕೂತಿದ್ದೆ. ಇವನು ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಹೊಸ ಅತ್ತಿಗೆಯ ಜೊತೆ ಏನಾದರೂ ನಾಲ್ಕು ಮಾತಾಡುತ್ತಾನೆ ಎಂದು ನಾನು ಕಾದೆ.

"ವೈನಿ, ಈ ಕಲ್ಲಿನ ಮ್ಯಾಲ ಎರಡು ಇರವಿ ಕೂತಾವ ಅನ್ರಿ. ಒಂದು ನಡುವ, ಒಂದು ಅಂಚಿಗೆ. ಯಾವುದಕ್ಕ ಮೊದಲ ತಲಿ ತಿರಗತೈತಿ?"

ನಾನು ಕಲ್ಲಿನ ಮೇಲೆ ಇರುವೆ ಇದೆಯೇನೋ ಎಂದು ಹೆದರಿ ಹಿಟ್ಟನ್ನೆಲ್ಲ ಜರಡಿ ಹಿಡಿದೆ. ನಮ್ಮ ಬಾಂಧವ್ಯ ಶುರುವಾದದ್ದು ಹೀಗೆ.

ಮುಂದೆ ಅವನು ಓದಿದ, ಮೇಷ್ಟ್ರಾದ. ಪುಣೆಯಲ್ಲಿ ಒಬ್ಬ ಗುರುಗಳನ್ನು ಹಿಡಿದು ಪಿಎಚ್.ಡಿ.ಗೆ ಹೆಸರು ಹಚ್ಚಿದ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕೊಲ್ಲಾಪುರದಿಂದ ಒಂದು ಟೆಂಪೋ ನಮ್ಮ ಅಂಗಳಕ್ಕೆ ಬಂದು ನಿಂತಿತು. ಅದರೊಳಗೆ ಮೂರು ಕೌದಿ ಸುತ್ತಿಸಿಕೊಂಡು ಒಂದು ಕಂಪ್ಯೂಟರ್ ಕೂತಿತ್ತು. ಬಾಣಂತಿಯನ್ನು ಕೂಡ ಅಷ್ಟು ಜೋಪಾನವಾಗಿ ಯಾರೂ ಇಳಿಸಿರಲಿಕ್ಕಿಲ್ಲ. ಅದಕ್ಕೆ ಸೆಖೆ ಆಗಬಾರದಂತೆ, ಧೂಳು ಆಗಬಾರದಂತೆ. ನಮ್ಮ ಮನೆಯಲ್ಲಿ ತಂಪಾದ ಕೋಣೆ ಒಂದೇ, ಬೇದಾಣಿ ಇಡುವ ಕೋಣೆ. ಆ ಒಣದ್ರಾಕ್ಷಿಯ ಡಬ್ಬಗಳೆಲ್ಲ ಪಡಸಾಲೆಗೆ ಬಂದವು, ಕಂಪ್ಯೂಟರ್ ಒಳಗೆ ಹೋಯಿತು. ಅತ್ತೆ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕಣ್ಣು ಮುಟ್ಟಬಾರದೆಂದು ಹಿಂದುಗಡೆ ಒಂದು ಕಪ್ಪು ಬೊಟ್ಟೂ ಇಟ್ಟರು.

ನನ್ನ ಗಂಡ ಕೈಕಟ್ಟಿ ನಿಂತು ನೋಡುತ್ತಿದ್ದವರು ಕೇಳಿದರು, "ಇದು ಏನ್ ಮಾಡತೈತೋ?"

"ಗ್ಯಾಲಕ್ಸಿಯೊಳಗ ಹೈಡ್ರೋಜನ್ ಗ್ಯಾಸ್ ಹೆಂಗ ತಿರಗತೈತಿ ಅಂತ ಲೆಕ್ಕಾ ಹಾಕತೈತಿ ಅಣ್ಣಾ."

"ಅದರಿಂದ ನಮ್ಮ ದ್ರಾಕ್ಷಿಗೆ ಏನರ ಆಗತೈತೇನು?"

"ಇಲ್ಲ."

"ಕಬ್ಬಿಗೆ?"

"ಇಲ್ಲಣ್ಣ."

"ನಿಮ್ಮ ಕಾಲೇಜಿನವರಿಗೆ?"

"ಅವರಿಗೂ ಏನಿಲ್ಲ."

ನನ್ನ ಗಂಡನಿಗೆ ಸಮಾಧಾನವಾಯಿತು. "ಹೋಗ್ಲಿ ಬಿಡು, ಭೇದಭಾವ ಇಲ್ಲ," ಎಂದು ತೋಟಕ್ಕೆ ಹೋದರು.

ಈ ಗ್ಯಾಲಕ್ಸಿ ಎಂಬುದು ನನಗೆ ತಿಳಿದದ್ದು ಬಳೆಗಾರನ ದೆಸೆಯಿಂದ. ಪಂಚಮಿ ಹಬ್ಬದ ಮುಂಚೆ ಬಳೆಗಾರ ನಮ್ಮ ಕಟ್ಟೆಯ ಮೇಲೆ ಬಳೆಗಳ ಮಲಾರ ಬಿಚ್ಚಿದ್ದ. ಬೇದಾಣಿ ಕೋಣೆಯಿಂದ ಮೈದುನ ಎದ್ದು ಬಂದ. ಹಸಿರು ಬಳೆಗಳನ್ನು ನೋಡಿದ. ಆಮೇಲೆ ತೊಟ್ಟಿಲ ಕೂಸಿನ ಬಳೆಯಿಂದ ಹಿಡಿದು ಗೌಡತಿಯ ತೋರ ಕೈಗೆ ಆಗುವ ಬಳೆಯವರೆಗೆ ಒಂದೊಂದು ಅಳತೆಯದು ಒಂದೊಂದು ಕೊಡು ಎಂದ.

"ಒಂದೊಂದ ತಗೊಂಡರ ಹೆಂಗ್ರಿ ಮಾಸ್ತರ? ಕೈ ಎರಡು ಇರತಾವಲ್ರಿ," ಎಂದ ಬಳೆಗಾರ.

"ಇವನ್ನ ಹಾಕ್ಕೊಳ್ಳಾಕಿಗೆ ಕೈಯ ಇಲ್ಲೋ," ಎಂದ ನನ್ನ ಮೈದುನ.

ಬಳೆಗಾರ ಬಳೆ ಕೊಟ್ಟು, ಮಲಾರ ಕಟ್ಟಿ, ನನ್ನ ಮುಖ ನೋಡಿ, ಚಹಾ ಕೂಡ ಕುಡಿಯದೆ ಎದ್ದ. ಮದುವೆಯಾಗದ ಮಾಸ್ತರ ಕೈಯಿಲ್ಲದ ಹೆಂಗಸಿಗೆ ಬಳೆ ಕೊಂಡ ಸುದ್ದಿ ಸಂಜೆಯೊಳಗೆ ಆಚೆಯ ತೆಲಸಂಗ ಊರನ್ನೂ ಮುಟ್ಟಿತ್ತು.

ಅವನು ಮಾಡಿದ್ದು ಇಷ್ಟೇ. ಹಿಟ್ಟು ನಾದುವ ನನ್ನ ಹಿತ್ತಾಳೆ ಪರಾತದಲ್ಲಿ ಹಸಿಮಣ್ಣು ತುಂಬಿದ. ಅದರ ಮೇಲೆ ಬಳೆಗಳನ್ನು ಒಂದರೊಳಗೊಂದು ಕೂಡಿಸಿದ. ಅತ್ತೆಯನ್ನು, ನನ್ನನ್ನು ಮುಂದೆ ಕೂರಿಸಿಕೊಂಡು ಪಾಠ ಶುರು ಮಾಡಿದ. ಗ್ಯಾಲಕ್ಸಿ ಎಂದರೆ ನಕ್ಷತ್ರಗಳ ಒಂದು ದೊಡ್ಡ ತಟ್ಟೆ. ಅದರ ತುಂಬ ಹೈಡ್ರೋಜನ್ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ರೇಡಿಯೋ ಹಿಡಿದಂತೆ ಅದರ ಸದ್ದು ಹಿಡಿಯಬಹುದು. ಆ ಸದ್ದಿನಿಂದ ಗ್ಯಾಸು ನಮ್ಮ ಕಡೆ ಬರುತ್ತಿದೆಯೋ ಆಚೆ ಹೋಗುತ್ತಿದೆಯೋ ತಿಳಿಯುತ್ತದೆ. ಇವನು ಕಂಪ್ಯೂಟರಿಗೆ ಒಂದೊಂದು ಬಳೆಯ ಜಾತಕ ಹೇಳಬೇಕು: ಈ ಬಳೆ ಇಷ್ಟು ಜೋರು ತಿರುಗುತ್ತದೆ, ಇಷ್ಟು ಓರೆಯಾಗಿದೆ, ಇದರಲ್ಲಿ ಇಷ್ಟು ಗ್ಯಾಸಿದೆ. ಕಂಪ್ಯೂಟರ್ ಅದರಂತೆ ಒಂದು ಸುಳ್ಳು ಗ್ಯಾಲಕ್ಸಿ ಕಟ್ಟುತ್ತದೆ. ಅದನ್ನು ನಿಜವಾದ ಗ್ಯಾಲಕ್ಸಿಯ ಪಕ್ಕ ಇಟ್ಟು ನೋಡುವುದು. ಹೊಂದಲಿಲ್ಲವೋ, ಬಳೆ ತುಸು ಓರೆ ಮಾಡಿ ಮತ್ತೆ ಕಟ್ಟುವುದು. ಎಲ್ಲ ಬಳೆ ಹೊಂದಿದರೆ ಗ್ಯಾಲಕ್ಸಿ ಕೂಡಿತು ಎಂದರ್ಥ.

ಅತ್ತೆ ಎಲ್ಲ ಕೇಳಿ, "ಇದರ ಹೆಸರೇನೋ?" ಎಂದರು.

"ಹೆಸರಿಲ್ಲವ್ವಾ. ನಂಬರ ಐತಿ."

"ನಂಬರ ಇಡಾಕ ಅದೇನ ಬಸ್ಸೇನು? ಗಂಗಿ ಅಂತ ಅನ್ನು."

ನಮ್ಮ ಅತ್ತೆಯ ಕೈಯಲ್ಲಿ ಹುಟ್ಟಿದ ಕರುಗಳೆಲ್ಲ ಗಂಗಿಯರೇ. ಅಂದಿನಿಂದ ಆಕಾಶದಲ್ಲೂ ಒಬ್ಬ ಗಂಗಿಯಾದಳು.

ಗಂಗಿಯ ಒಳಗಿನ ಬಳೆಗಳು ಹಬ್ಬ ಮುಗಿಯುವುದರೊಳಗೆ ಕೂಡಿದವು. ಕಡೇ ಬಳೆ ಮಾತ್ರ ಹಟಮಾರಿ. ನಕ್ಷತ್ರಗಳೆಲ್ಲ ಮುಗಿದ ಮೇಲೂ ಆಚೆ ಬಹಳ ದೂರದವರೆಗೆ ಈ ಗ್ಯಾಸು ಇರುತ್ತದಂತೆ. ಅಲ್ಲಿ ಅದು ಉಳಿದವರ ಮಾತು ಕೇಳದೆ ತನ್ನದೇ ಒಂದು ಓರೆ ಹಿಡಿದು ತಿರುಗುತ್ತದಂತೆ. ಆ ಓರೆ ಎಷ್ಟು, ಯಾವ ಕಡೆ? ಅದನ್ನು ಹುಡುಕಲು ಕಂಪ್ಯೂಟರ್ ಹೊತ್ತೇರಿದಾಗ ಕೂತರೆ ಹೊತ್ತಿಳಿಯುವವರೆಗೂ ಗುರುಗುಟ್ಟುತ್ತಿತ್ತು. ಅಷ್ಟರಲ್ಲಿ ನನ್ನ ಗಂಡ ಬಾವಿಯ ಮೋಟಾರು ಚಾಲೂ ಮಾಡಿದರೋ, ಮನೆಯ ಲೈಟೆಲ್ಲ ಕೆಂಪಾಗಿ ಗಂಗಿ ಗೊಟಕ್ ಎನ್ನುತ್ತಿದ್ದಳು.

"ಅಣ್ಣಾ, ಗಂಗಿ ಹೋದಳು," ಎಂದು ಒಳಗಿನಿಂದ ಕೂಗು.

"ಕಬ್ಬು ಒಣಗಾಕತ್ತೈತೋ," ಎಂದು ಹೊರಗಿನಿಂದ ಉತ್ತರ.

ಕಡೆಗೆ ಅತ್ತೆ ನ್ಯಾಯ ಹೇಳಿದರು. ಒಂದು ದಿನ ಕರೆಂಟು ಕಬ್ಬಿಗೆ, ಒಂದು ದಿನ ಗಂಗಿಗೆ. ನೀರಿನ ಪಾಳಿ ಇಡುವ ಊರಿನಲ್ಲಿ ಗ್ಯಾಲಕ್ಸಿಗೂ ಪಾಳಿ ಇಟ್ಟ ಮನೆ ನಮ್ಮದೊಂದೇ. ಇನ್ನು ಗಂಗಿಯ ಸದ್ದು ತುಂಬಿಕೊಂಡು ಪುಣೆಯಿಂದ ಬಂದ ಫ್ಲಾಪಿ ಎಂಬ ಚೌಕದ ಬಿಲ್ಲೆಗಳನ್ನು ಜೋಪಾನ ಮಾಡುವ ಹೊಣೆಯನ್ನೂ ಅತ್ತೆಯೇ ಹೊತ್ತರು. ಕಾಳಿಗೆ ಹುಳ ಬೀಳದಂತೆ ನಾವು ಜೋಳದಲ್ಲಿ ಬೇವಿನ ಎಲೆ ಹಾಕಿ ಇಡುತ್ತೇವಲ್ಲ, ಫ್ಲಾಪಿಗಳನ್ನೂ ಹಾಗೇ ಅದೇ ಜೋಳದಲ್ಲಿ ಹುಗಿದಿಟ್ಟರು. ಒಂದು ದಿನ ಕಂಪ್ಯೂಟರ್ ಫ್ಲಾಪಿ ಓದುವುದಿಲ್ಲ ಎಂದು ಮೊಂಡು ಹಿಡಿಯಿತು. ಬಿಚ್ಚಿ ನೋಡಿದರೆ ಒಳಗೆ ಒಂದು ಒಣಗಿದ ಬೇವಿನ ಎಲೆ, ನಾಲ್ಕು ಕಾಳು ಜೋಳ. ಅತ್ತೆಗೆ ಹೇಳಿದರೆ, "ಹುಳಾ ಬಿದ್ದಾವೇನು? ಇಲ್ಲಲ್ಲ," ಎಂದರು.

ಇದರ ನಡುವೆ ಮದುವೆ ಮಾಡಬೇಡವೇ? ವಯಸ್ಸು ನಿಲ್ಲುತ್ತದೆಯೇ? ಮುಗಳಖೋಡಕ್ಕೆ ಕನ್ಯೆ ನೋಡಲು ಹೋದೆವು. ಹುಡುಗಿ ಚಿವಡಾ ತಂದಳು, ಚಹಾ ತಂದಳು, ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಳು. ಹಿರಿಯರೊಬ್ಬರು, "ತಮ್ಮಾ, ಏನರ ಕೇಳೂದಿದ್ರ ಕೇಳಪಾ," ಎಂದರು. ಇವನು ಬಶಿಯಲ್ಲಿದ್ದ ಚಹಾವನ್ನು ಬೆರಳಿನಿಂದ ಗರಗರ ತಿರುಗಿಸಿ ಹುಡುಗಿಯ ಮುಂದೆ ಹಿಡಿದ.

"ನಡುವಿನ ಚಾ ಜೋರ ತಿರಗತೈತೋ, ಅಂಚಿನ ಚಾ ಜೋರ ತಿರಗತೈತೋ?"

ಹುಡುಗಿ ಹೆದರಿ, "ಸಕ್ರಿ ಕಡಿಮಿ ಆಗೈತೇನ್ರಿ?" ಎಂದಳು.

ಆ ಸಂಬಂಧ ಅಲ್ಲಿಗೇ ಮುಗಿಯಿತು. ದಾರಿಯಲ್ಲಿ ಬಸ್ಸಿನೊಳಗೆ ಅವನು ಖಂಡಿತವಾಗಿ ಹೇಳಿಬಿಟ್ಟ. "ಗಂಗಿ ಕೂಡೂತನಕ ನನಗ ಲಗ್ನ ಬ್ಯಾಡ."

ಮುಂದಿನ ಸೀಟಿನಿಂದ ಅತ್ತೆ ತಿರುಗಿದರು. ಅವರದು ಹೆಚ್ಚು ಮಾತಿನ ಜೀವವಲ್ಲ, ಆದರೆ ಆಡಿದ ಮಾತಿಗೆ ತಪ್ಪಿದ್ದು ನಾನು ನೋಡಿಲ್ಲ. "ಹಂಗಾರ ನಂದೂ ಒಂದ ಮಾತ ಕೇಳು. ನಿನ್ನ ಗಂಗಿ ಕೂಡೂತನಕ ನಾ ಸಾಯಂಗಿಲ್ಲ," ಎಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು.

ಆಮೇಲೆ ಚಿಕ್ಕೋಡಿಯ ಸಂಬಂಧವೊಂದು ಬಂತು. ಹುಡುಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಇವನ ಬಶಿ ಚಹಾದ ಪ್ರಶ್ನೆಗೆ ಅವಳು, "ನೀವ ಹೆಂಗ ತಿರುವತೀರಿ ಅದರ ಮ್ಯಾಲ ಐತ್ರಿ," ಎಂದಳು. ಆದರೆ ಅವಳ ತಂದೆಯ ಕಿವಿಗೆ ಯಾರೋ ಬಳೆಯ ಸುದ್ದಿ, ಗಂಗಿಯ ಸುದ್ದಿ ಎರಡನ್ನೂ ಹಾಕಿದ್ದರು. ಅವರು ನೆಟ್ಟಗೆ ನಮ್ಮ ಮನೆಗೇ ಬಂದು, ತಲೆಯ ಪಟಗ ತೆಗೆದು ಪಕ್ಕಕ್ಕಿಟ್ಟು, "ಅಕ್ಕಾ, ಸಿಟ್ಟಾಗಬ್ಯಾಡ್ರಿ. ಈ ಗಂಗಿ ಯಾರ್ರಿ?" ಎಂದು ಅತ್ತೆಯನ್ನು ಕೇಳಿದರು.

ಅತ್ತೆ ನಿಧಾನಕ್ಕೆ ಒಳಗೆ ಹೋಗಿ ಪರಾತ ಎತ್ತಿ ತಂದು ಅವರ ಮುಂದಿಟ್ಟರು. "ಈಕಿನ ನೋಡ್ರಿ. ನೆಲದ ಮ್ಯಾಲಿನಾಕಿ ಅಲ್ಲ." ಆ ಮನುಷ್ಯ ಪರಾತವನ್ನು ಬಹಳ ಹೊತ್ತು ನೋಡಿ ಹೋದರು. ಎಂಟು ದಿನಕ್ಕೆ ಹುಡುಗಿಯಿಂದ ಉತ್ತರ ಬಂತು. ಇಂಥ ಸವತಿ ಇದ್ದರೆ ತನಗೇನೂ ತ್ರಾಸಿಲ್ಲ, ಕಾಯುತ್ತೇನೆ ಎಂದಿದ್ದಳು.

ಅಲ್ಲಿಗೆ ಸುಮ್ಮನೆ ನಗುತ್ತ ಇದ್ದುಬಿಡಬಹುದಿತ್ತು. ಮುಂದಿನ ಶ್ರಾವಣದಲ್ಲಿ ಅತ್ತೆಗೆ ಲಕ್ವಾ ಹೊಡೆಯಿತು. ದೇವರ ಮುಂದೆ ದೀಪ ಹಚ್ಚಲು ಹೋದವರು ಅಲ್ಲೇ ಕುಸಿದರು. ಬಲಗೈ, ಬಲಗಾಲು ಎರಡೂ ಹೋದವು. ಮಿರಜಿಗೆ ಕರೆದೊಯ್ದೆವು. ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ, ಹೃದಯಕ್ಕೂ ಶಕ್ತಿಯಿಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ತಂಪಿರಲಿ ಎಂದು ಅತ್ತೆಯ ಹೊರಸನ್ನು ಬೇದಾಣಿ ಕೋಣೆಯಲ್ಲೇ ಹಾಕಿದೆವು. ಒಂದು ಗೋಡೆಗೆ ಕಂಪ್ಯೂಟರ್, ಒಂದು ಗೋಡೆಗೆ ಅತ್ತೆ, ನಡುವೆ ಸ್ಟೂಲಿನ ಮೇಲೆ ಗಂಗಿಯ ಪರಾತ. ಮಾವ ಹೋದ ಮೇಲೆ ಹಸಿರು ಬಳೆ ಮುಟ್ಟದಿದ್ದ ಅತ್ತೆ ಈಗ ದಿನಾ ಎಡಗೈ ಚಾಚಿ ಆ ಬಳೆಗಳನ್ನು ಸವರುತ್ತಿದ್ದರು. ನಡುವಿನ ಪುಟ್ಟ ಬಳೆಯಿಂದ ಶುರುಮಾಡಿ ಬೆರಳು ಕಡೇ ಬಳೆಗೆ ಬಂದು ನಿಲ್ಲುತ್ತಿತ್ತು. ನಾಲಿಗೆ ತೊದಲುತ್ತಿದ್ದರೂ ಒಂದು ಪ್ರಶ್ನೆ ಮಾತ್ರ ಸ್ಪಷ್ಟ.

"ಕೂಡಿದಳೇನೋ?"

"ಇನ್ನ ಐತಿ ಅವ್ವಾ. ಕಡೇ ಬಳಿ ಉಳದೈತಿ."

"ಹೂಂ," ಎಂದು ಅತ್ತೆ ಕಣ್ಣು ಮುಚ್ಚುತ್ತಿದ್ದರು. ಗಂಜಿ ಇಳಿಯುತ್ತಿತ್ತು, ಔಷಧ ಇಳಿಯುತ್ತಿತ್ತು. ದೀಪಾವಳಿ ಬಂತು, ಸಂಕ್ರಮಣ ಬಂತು, ಯುಗಾದಿಯೂ ಬಂತು. ಡಾಕ್ಟರು ಆಶ್ಚರ್ಯಪಟ್ಟರು. ಗಂಗಿ ಕೂಡಲಿಲ್ಲ, ಅತ್ತೆ ಹೋಗಲಿಲ್ಲ.

ಆ ಬೇಸಿಗೆಯಲ್ಲಿ ಪುಣೆಯ ಗುರುಗಳು ಬಿಜಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದರು. ಮೈದುನ ಕಾಲೇಜಿಗೆ ಹೋಗಿದ್ದ. ಪಡಸಾಲೆಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟೆ. "ಅಹೋ ವಹಿನಿ, ತುಮಚಾ ದೀರ ಏಕದಮ್ ಹುಷಾರ್ ಆಹೇ," ಎಂದು ನನ್ನ ಮೈದುನನನ್ನು ಹೊಗಳಿದರು. ಮುಂದೆ ಅವರು ಮರಾಠಿಯಲ್ಲಿ ಹೇಳಿದ್ದಿಷ್ಟು. ಸಂಕ್ರಮಣದ ಹೊತ್ತಿಗೇ ಇವನು ಲೆಕ್ಕವನ್ನೆಲ್ಲ ಕಳಿಸಿದ್ದಾನೆ, ಕಡೇ ಬಳೆ ಚೊಕ್ಕಟವಾಗಿ ಕೂಡಿದೆ. ಇನ್ನು ಪುಣೆಗೆ ಬಂದು ಒಂದು ತಿಂಗಳು ಕೂತು ಪ್ರಬಂಧ ಬರೆದು ಒಪ್ಪಿಸಿದರೆ ಮುಗಿಯಿತು. ಎಷ್ಟು ಸಲ ಕರೆದರೂ ಬರುತ್ತಿಲ್ಲ. ಈ ಮಳೆಗಾಲ ದಾಟಿದರೆ ಅವನ ಹೆಸರು ತೆಗೆದುಹಾಕುತ್ತಾರೆ, ಇಷ್ಟು ವರ್ಷದ ಕೆಲಸ ನೀರುಪಾಲು.

ಸಂಜೆ ಅವನು ಬಂದು ಗಾಡಿ ನಿಲ್ಲಿಸುವಾಗಲೇ ಕಟ್ಟೆಯ ಮೇಲೆ ಹಿಡಿದು ಕೂರಿಸಿದೆ.

"ಗಂಗಿ ಕೂಡ್ಯಾಳಂತಲ್ಲೋ?"

ಅವನು ಚಪ್ಪಲಿ ಬಿಡುತ್ತ ಕೂತ. ಬಿಟ್ಟ ಚಪ್ಪಲಿಯನ್ನೇ ಮತ್ತೆ ಹಾಕಿಕೊಂಡ. "ಕೂಡ್ಯಾಳ್ರಿ ವೈನಿ. ಅವ್ವಗ ಹೇಳಬ್ಯಾಡ್ರಿ."

"ಯಾಕೋ? ಆಕಿ ಎಷ್ಟ ಖುಷಿ ಪಡ್ತಾಳ."

"ಅವ್ವ ಮಾತಿಗೆ ತಪ್ಪಾಕಿ ಅಲ್ರಿ," ಎಂದ ಅವನು. "ಕೂಡೂತನಕ ಸಾಯಂಗಿಲ್ಲ ಅಂದಾಳ. ಕೂಡಿತಂದ್ರ?"

"ಫಿಜಿಕ್ಸ್ ಕಲಿಸಾಂವ ನೀ. ಹಿಂಗ ಮಾತಾಡ್ತಿ?"

"ಫಿಜಿಕ್ಸ್ ಕಾಲೇಜಿನ್ಯಾಗ್ರಿ ವೈನಿ. ಇದು ಮನಿ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಸಂಕ್ರಮಣದಿಂದ ಆ ಕೋಣೆಯಲ್ಲಿ ಕಂಪ್ಯೂಟರ್ ಗುರುಗುಟ್ಟುತ್ತಿದ್ದದ್ದು ಸುಮ್ಮನೆ, ಕೂಡಿದ ಬಳೆಯನ್ನೇ ಇವನು ದಿನಾ ಬಿಚ್ಚಿ ದಿನಾ ಕೂಡಿಸುತ್ತಿದ್ದ ಎಂದು ಆಗ ತಿಳಿಯಿತು. ಎದ್ದು ಒಳಗೆ ಹೋಗಿ ಅತ್ತೆಗೆ ಗಂಜಿ ಕುಡಿಸಲು ಕೂತೆ.

ಎರಡು ಚಮಚ ಕುಡಿದು ಅತ್ತೆ ನನ್ನ ಕೈ ತಡೆದರು. "ಯಾಕ ಯವ್ವಾ, ಮಾರಿ ಸಣ್ಣ ಆಗೈತಿ?"

"ಏನಿಲ್ರಿ ಅತ್ತಿ."

"ಗಂಗಿ ಸುದ್ದಿ ಏನು?" ನಾನು ಇನ್ನೊಂದು ಚಮಚ ಗಂಜಿ ತುಂಬಿದೆ. ಅತ್ತೆಯ ಒಂದು ಕಡೆಯ ತುಟಿ ನಕ್ಕಿತು. "ನನಗ ಗೊತ್ತೈತಿ. ಸಂಕ್ರಮಣಕ್ಕ ಕೂಡ್ಯಾಳ."

"ಹೆಂಗ ಗೊತ್ತಾತ್ರಿ?"

"ಇಷ್ಟ ವರ್ಷ ಅಂವಾ ತಾಟಿನ್ಯಾಗ ಏನೈತಿ ಅಂತ ನೋಡಿ ಉಂಡಿದ್ದಿಲ್ಲ. ಸಂಕ್ರಮಣದ ಮರುದಿನ ನಿನ್ನ ಕೈಯಾಗಿನ ಗುರೆಳ್ಳ ಚಟ್ನಿ ಎರಡ ಸಲ ಕೇಳಿ ಹಾಕಿಸ್ಕೊಂಡ. ಕೆಲಸ ಬಾಕಿ ಇದ್ದಾಂವಗ ಚಟ್ನಿ ರುಚಿ ಹತ್ತತೈತೇನು?"

"ಮತ್ತ ದಿನಾ ಕೇಳ್ತೀರಲ್ರಿ, ಕೂಡಿದಳೇನು ಅಂತ?"

"ಕೇಳದಿದ್ರ ಅಂವಗ ಸಂಶೆ ಬರತೈತಿ," ಎಂದರು ಅತ್ತೆ. "ನಾ ಇರಲಿ ಅಂತ ಅಂವಾ ಸುಳ್ಳ ಹೇಳ್ಯಾನ. ಅಷ್ಟು ಆಸೆ ಪಟ್ಟು ಹೇಳಿದ್ದನ್ನ ನಾ ಯಾಕ ಕೆಡಸಲಿ?"

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಆಮೇಲೆ ತಡೆಯಲಾಗದೆ ಗುರುಗಳು ಹೇಳಿದ ಮಾತನ್ನೆಲ್ಲ ಹೇಳಿಬಿಟ್ಟೆ. ಪುಣೆಗೆ ಹೋಗದಿದ್ದರೆ ಅವನ ಹೆಸರು ತೆಗೆದುಹಾಕುತ್ತಾರೆ ಎಂಬುದು ಅತ್ತೆಗೆ ಗೊತ್ತಿರಲಿಲ್ಲ. ಗಂಜಿ ಆರಿ ಕೆನೆಗಟ್ಟಿತು. "ಅವನ್ನ ಕರಿ," ಎಂದರು ಅತ್ತೆ.

ಅವನು ಬಂದು ಬಾಗಿಲಲ್ಲೇ ನಿಂತ.

"ಕೂಡಿದಳೇನೋ?"

"ಇನ್ನ ಐತಿ ಅವ್ವಾ. ಕಡೇ ಬಳಿ..."

"ಸಣ್ಣಂವ ಇದ್ದಾಗಿಂದ ನಿನಗ ಸುಳ್ಳ ಹೇಳಾಕ ಬರಂಗಿಲ್ಲ. ಸಾಕ ಮಾಡು. ಪುಣೇಕ ಹೋಗಿ ಬಾ."

ಅವನು ಹೊರಸಿನ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟ. ಮೂವತ್ತು ದಾಟಿದ ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. "ನೀ ಹೋಗ್ತಿ," ಎಂದ.

"ಎಲ್ಲಿ ಹೋಗಲೋ? ಒಂದ ಕಾಲ ಏಳಂಗಿಲ್ಲ ನಂದು." ಎಡಗೈ ಅವನ ತಲೆಯ ಮೇಲೆ ಇತ್ತು. ಅದನ್ನು ಸವರುತ್ತ ಅತ್ತೆ ಕೇಳಿದರು, "ಲೇ, ಅಲ್ಲಿ ಮ್ಯಾಲ ಗಂಗಿ ಒಬ್ಬಾಕಿನ ಅದಾಳೇನು?"

"ಇಲ್ಲವ್ವಾ. ಭಾಳ ಮಂದಿ ಅದಾರ."

"ಎಷ್ಟ ಮಂದಿ?"

"ಲೆಕ್ಕ ಇಲ್ಲ."

"ಹಂಗಾರ ಅಳೂದ್ಯಾಕ?" ಎಂದರು ಅತ್ತೆ. "ಇನ್ನೊಬ್ಬಾಕಿನ್ನ ಹಚ್ಚು."

ಅವನು ಹಚ್ಚಿದ. ಪುಣೆಗೆ ಹೊರಡುವ ಮುಂಚೆ ಬಳೆಗಾರನನ್ನು ಹುಡುಕಿಕೊಂಡು ಹೋಗಿ ಎಲ್ಲ ಅಳತೆಯದು ಮತ್ತೊಮ್ಮೆ ಒಂದೊಂದು ತಂದ. ಈ ಸಲ ಬಳೆಗಾರ ಏನೂ ಕೇಳಲಿಲ್ಲವಂತೆ. ಅತ್ತೆ ಇವಳಿಗೆ ತುಂಗಿ ಎಂದು ಹೆಸರಿಟ್ಟರು. ಮಳೆಗಾಲದೊಳಗೆ ಅವನು ಪ್ರಬಂಧ ಒಪ್ಪಿಸಿ ಬಂದ. ಕಾರ್ತಿಕ ಕಳೆದ ಮೇಲೆ ಚಿಕ್ಕೋಡಿಯ ಹುಡುಗಿ ನಮ್ಮ ಮನೆ ತುಂಬಿದಳು. ಹಂದರದ ಕೆಳಗೆ ಹೊರಸು ತಂದು ಹಾಕಿ, ಅತ್ತೆ ಅದರ ಮೇಲಿಂದಲೇ ಎಡಗೈಯಲ್ಲಿ ಅಕ್ಷತೆ ಹಾಕಿದರು. ಮರುದಿನದಿಂದ ಹೊಸ ಸೊಸೆಯನ್ನೂ ಸೇರಿಸಿಕೊಂಡು ಕೇಳತೊಡಗಿದರು, "ತುಂಗಿ ಕೂಡಿದಳೇನು?"

ಹಸಿ ದ್ರಾಕ್ಷಿಯನ್ನು ಒಣಹಾಕುವ ದಿನಗಳಲ್ಲಿ, ಒಂದು ಮಧ್ಯಾಹ್ನ, ತುಂಗಿಯ ಕಡೇ ಬಳೆ ಇನ್ನೂ ಬಾಕಿ ಇರುವಾಗಲೇ ಅತ್ತೆ ನಿದ್ದೆಯಲ್ಲಿ ಹೋದರು. ಮಾತಿಗೆ ತಪ್ಪಿದಂತೆ ಯಾರೂ ಲೆಕ್ಕ ಹಿಡಿಯಲಿಲ್ಲ. ತುಂಗಿಯ ವಿಷಯದಲ್ಲಿ ಅವರು ಏನೂ ಮಾತು ಕೊಟ್ಟಿರಲಿಲ್ಲ.

ಹೊರಸು ಇದ್ದ ಕಡೆ ಗೋಡೆಯಲ್ಲಿ ಒಂದು ಗೂಡಿದೆ. ತುಂಗಿ ಅಲ್ಲಿದ್ದಾಳೆ. ಬಳೆಗಳೆಲ್ಲ ಮಣ್ಣಿನಲ್ಲಿ ನೆಟ್ಟಗೆ ಕೂತಿವೆ, ಕಡೇ ಬಳೆಯೊಂದು ಓರೆಯಾಗಿ ಒಂದು ಬೇದಾಣಿಯ ಮೇಲೆ ಒರಗಿದೆ. ಆ ಬೇದಾಣಿಗೆ ಇರುವೆ ಮುತ್ತುತ್ತವೆ. ಪ್ರತಿ ವರ್ಷ ಹೊಸ ಬೇದಾಣಿ ಬಂದಾಗ ಅವನು ಹಳೆಯದನ್ನು ತೆಗೆದು ಹೊಸದೊಂದನ್ನು ಇಡುತ್ತಾನೆ. ಮೊನ್ನೆ ಅವನು ಹಾಗೆ ಇಡುವಾಗ ನಾನು ಹಿಂದೆಯೇ ನಿಂತಿದ್ದೆ.

"ಈಗ ಎಂತೆಂಥ ಕಂಪ್ಯೂಟರ ಬಂದಾವ. ಇದನ್ನ ಕೂಡಿಸಿ ಮುಗಿಸಬಾರದೇನೋ?" ಎಂದೆ.

"ಒಂದ ಮಧ್ಯಾಹ್ನದ ಕೆಲಸ್ರಿ ವೈನಿ," ಎಂದ ಅವನು, ಬಳೆಯನ್ನು ಮೆಲ್ಲಗೆ ಬೇದಾಣಿಯ ಮೇಲೆ ಒರಗಿಸುತ್ತ. "ಇರಲಿ ಬಿಡ್ರಿ. ಅವ್ವ ಕೇಳಿದ್ರ, ಇನ್ನ ಐತಿ ಅನ್ನಾಕ ಒಂದ ಬೇಕಲ್ರಿ."